ಸಾಕು ಎಂದವರ ಪಂಕ್ತಿ

‘ಎರಡು ಹೆಜ್ಜೆ ಮುಂದೆ ಕಂಬವಿದೆ, ಬಲಕ್ಕೆ ಸರಿಯಿರಿ’ ಎಂದಿತು ಕಿವಿಯೊಳಗಿನ ದನಿ. ಚಂಪಕಾ ಸರಿದಳು. ‘ಎದುರಿಗಿರುವವರು ಸಾಕು ಎನ್ನುತ್ತಿದ್ದಾರೆ. ಕೈ ಎಲೆಯ ಮೇಲಿದೆ, ಕಣ್ಣು ಬುಟ್ಟಿಯ ಮೇಲಿದೆ. ಬಡಿಸಿ.’ ಚಂಪಕಾ ಆ ಕೈಯ ಪಕ್ಕದಲ್ಲೇ ಹೋಳಿಗೆ ಜಾರಿಸಿದಳು.

“ಅಯ್ಯ, ಬ್ಯಾಡ ಅಂದ್ರ ಕೇಳೂದs ಇಲ್ಲಲ್ಲವಾ ನೀನು!” ಎಂದು ಹಿರಿಯರು ಗದರಿದರು.

‘ಇದು ಸಂತೋಷದ ಗದರಿಕೆ’ ಎಂದಿತು ದನಿ.

ಅದು ೨೦೫೯ರ ವೈಶಾಖ. ಧಾರವಾಡದ ಕಲ್ಯಾಣಮಂಟಪದಲ್ಲಿ ಚಂಪಕಾಳ ತಮ್ಮ ನಚಿಕೇತನ ಮದುವೆ. ಮೇಲಿನ ಕಿಟಕಿಗಳಿಂದ ಇಳಿದ ಬಿಸಿಲು ಅನ್ನದ ಹಬೆಯಲ್ಲಿ ಕರಗಿ, ಸಾಲುಸಾಲು ಎಲೆಗಳ ಮೇಲೆ ತೇಲುತ್ತಿತ್ತು. ಚಂಪಕಾ ನಿದ್ದೆಯಲ್ಲಿ ನಡೆಯುವವಳಂತೆ ನಡೆಯುತ್ತಿದ್ದಳು. ಮೂವತ್ತೆರಡು ವರ್ಷ ಮೂಕವಾಗಿದ್ದ ಮುಖಗಳಿಗೆಲ್ಲ ಇವತ್ತು ಮಾತು ಬಂದಿತ್ತು.

ಅವಳ ಕಿವಿಯಲ್ಲಿದ್ದದ್ದು ಸನ್ನೆಯೋಲೆ. ನೋಡಲು ಸಾಧಾರಣ ಹರಳಿನ ಓಲೆ, ಆದರೆ ಆ ಹರಳೇ ಒಂದು ಕಣ್ಣು. ಎದುರಿನವರ ಹುಬ್ಬು, ತುಟಿ, ದನಿಯ ಏರಿಳಿತ, ಗೋಡೆಗಿರುವ ದೂರ ಎಲ್ಲವನ್ನೂ ಅಳೆದು ಮಾತಾಗಿಸಿ ಕಿವಿಗೆ ಹೇಳುತ್ತದೆ. ಅದನ್ನು ಹನ್ನೊಂದು ವರ್ಷ ಕೂತು ಮಾಡಿದವರು ಡಾಕ್ಟರ್ ಶಾಲ್ಮಲಾ ಹೊಸಮನಿ. ಮದುವೆಮನೆಯಲ್ಲೇ ಅದರ ಮೊದಲ ಪರೀಕ್ಷೆಯಾಗಲಿ ಎಂದು ಹಟ ಹಿಡಿದವಳು ಚಂಪಕಾ.

“ಇದು ಸುಳ್ಳು ಹೇಳೂದಿಲ್ಲೇನ್ರಿ ಡಾಕ್ಟರ್?” ಎಂದು ಬೆಳಿಗ್ಗೆ ಕೇಳಿದ್ದಳು.

“ಮಾರಿ ಹೆಂಗೈತಿ ಹಂಗ ಹೇಳತೈತಿ. ಮನಸಿನಾಗ ಏನೈತಿ ಅಂತ ಅದಕ್ಕೂ ಗೊತ್ತಿಲ್ಲ” ಎಂದಿದ್ದರು ಶಾಲ್ಮಲಾ.

ಚಂಪಕಾಳದು ಹುಟ್ಟಿನಿಂದ ಬಂದ ತೊಂದರೆ. ವೈದ್ಯರು ಅದನ್ನು ಅಶಾಬ್ದಿಕ ಕಲಿಕಾ ನ್ಯೂನತೆ ಎನ್ನುತ್ತಾರೆ. ಮಾತಿನಲ್ಲಿ ಹೇಳಿದ್ದು ತಲೆಗೆ ಥಟ್ಟನೆ ಹೋಗುತ್ತದೆ. ಮಾತಿಲ್ಲದೆ ಹೇಳಿದ್ದು ಹೋಗುವುದಿಲ್ಲ. ನಾಲ್ಕನೆಯ ವಯಸ್ಸಿಗೇ ಪೇಪರು ಓದಿದ ಹುಡುಗಿ ಹತ್ತಾದರೂ ಚಪ್ಪಲಿಯ ಎಡಬಲ ಅರಿಯದೆ, ತನ್ನದೇ ಓಣಿಯಲ್ಲಿ ದಾರಿ ತಪ್ಪುತ್ತಿದ್ದಳು. ಬಾಯಿ ಬೊಂಬಾಯಿ, ಕೆಲಸ ಮಾತ್ರ ಸೊನ್ನೆ ಎಂದು ಊರು ನಗುತ್ತಿತ್ತು. ಊರಿಗೇನು, ನಗುವುದಕ್ಕೆ ಕಾರಣ ಬೇಕೆ?

ಹನ್ನೆರಡು ವರ್ಷದ ಹಿಂದೆ ಅಕ್ಕನ ಮದುವೆಯಲ್ಲಿ ಬೀಗರ ಪಂಕ್ತಿಗೆ ಹೋಳಿಗೆ ಬಡಿಸಲು ಹೋಗಿದ್ದಳು. “ಸಾಕೇನ್ರಿ?” ಎಂದಳು. “ಸಾಕು” ಎಂದರು. ಸರಿ ಎಂದು ಮುಂದೆ ಹೋದಳು. ನಮ್ಮ ಕಡೆ ಮೊದಲ ‘ಸಾಕು’ ಬರೀ ಮರ್ಯಾದೆ, ಎರಡನೆಯದು ಸಂಕೋಚ, ಮೂರನೆಯದನ್ನು ಮಾತ್ರ ನಂಬಬಹುದು ಎಂದು ಅವಳಿಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬೀಗರು ಒಂದೊಂದೇ ಹೋಳಿಗೆ ತಿಂದು ಮುಖ ಊದಿಸಿಕೊಂಡು ಎದ್ದರು. ಎಲ್ಲರೆದುರಿಗೆ ಅವ್ವ ಅವಳ ಕೈಯಿಂದ ಬುಟ್ಟಿ ಕಸಿದುಕೊಂಡಳು. ಅಂದಿನಿಂದ ಯಾವ ಸಮಾರಂಭವಾದರೂ ಚಂಪಕಾಳ ಜಾಗ ಉಗ್ರಾಣದಲ್ಲಿ, ಎಲೆಅಡಿಕೆ ಜೋಡಿಸುತ್ತ.

ಇವತ್ತೊಂದು ದಿನ ತಪ್ಪದೆ ಬಡಿಸಬೇಕು, ಇಷ್ಟೇ ಅವಳ ಆಸೆ. ಇದು ಯಾರಿಗಾದರೂ ಸಣ್ಣದೆನಿಸಿದರೆ, ಅವರ ಕೈಯಿಂದ ಯಾರೂ ಬುಟ್ಟಿ ಕಸಿದುಕೊಂಡಿಲ್ಲ ಅಂತಲೇ ಅರ್ಥ.

ಮೂರು ಪಂಕ್ತಿ ಸುಸೂತ್ರವಾಗಿ ಮುಗಿದವು. ಬೀಗರು ಬೆವರು ಒರೆಸಿಕೊಳ್ಳುತ್ತ ಎದ್ದರು. ಕೊನೆಗೆ ಮನೆಯ ಹೆಂಗಸರು ಕೂತರು. ನಡುವೆ ಅವ್ವ, ಪಕ್ಕದಲ್ಲಿ ಸೋದರತ್ತೆ, ಎದುರಿಗೆ ಶಾಲ್ಮಲಾ.

“ಸಾಕವಾ” ಎಂದಳು ಅವ್ವ.

‘ಸಾಕು ಎನ್ನುತ್ತಿದ್ದಾರೆ. ಕಣ್ಣು ಬುಟ್ಟಿಯ ಮೇಲಿಲ್ಲ, ನಿಮ್ಮ ಮೇಲಿದೆ. ತುಟಿ ನಡುಗುತ್ತಿದೆ. ದುಃಖವಿರಬಹುದು. ನಾಚಿಕೆಯೂ ಇರಬಹುದು.’

ಚಂಪಕಾ ನಿಂತಳು. “ಅವ್ವಾ, ಅಳಾಕ ಹತ್ತೀಯೇನು?”

“ಇಲ್ಲ ತಗಿ, ಖಾರ ಹತ್ತೇತಿ.”

“ಹೋಳಿಗ್ಯಾಗ ಖಾರ ಎಲ್ಲಿಂದ ಬಂತು?”

ಯಾರೋ ಕಿಸಕ್ಕನೆ ನಕ್ಕರು. ಚಂಪಕಾ ನಗಲಿಲ್ಲ. ಬುಟ್ಟಿ ಕೆಳಗಿಟ್ಟು, ತಡಕಾಡುತ್ತ ಕಿವಿಯ ಓಲೆ ಬಿಚ್ಚಿ ಅಂಗೈಯಲ್ಲಿ ಹಿಡಿದಳು. ಮುಖಗಳು ಮತ್ತೆ ಮೂಕವಾದವು. ಅವಳಿಗೆ ಭಯವಾಯಿತು, ಆದರೂ ಹೇಳಿದಳು: “ಇದು ಏನೇನೋ ಹೇಳಾಕತ್ತೇತಿ. ಇದು ಹೇಳಿದ್ದು ನನಗ ಬ್ಯಾಡ. ನೀನs ಹೇಳು.”

ಅವ್ವ ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲಿಟ್ಟಳು. ಮನಸ್ಸಿನಲ್ಲಿದ್ದದ್ದನ್ನು ಬಾಯಲ್ಲಿ ಹೇಳಿ ಅಭ್ಯಾಸವಿಲ್ಲದ ಜೀವ ಅದು.

“ಅವತ್ತು ಅಷ್ಟು ಮಂದ್ಯಾಗ ನಿನ್ನ ಕೈಯಾನ ಬುಟ್ಟಿ ಕಸಗೊಂಡೆ. ತಪ್ಪಾತು ನನ್ನ ಮಗಳ. ಹನ್ನೆರಡು ವರ್ಷ ಆತು, ಹೇಳಾಕ ಬಾಯಿ ಬರಲಿಲ್ಲ.” ಸೆರಗಿನಿಂದ ಕಣ್ಣೊರೆಸಿಕೊಂಡು ಸೇರಿಸಿದಳು, “ಇನ್ನೊಂದು ಹೋಳಗಿ ನೀಡು. ತುಪ್ಪಾನೂ ಹಾಕು. ಖರೇನ ಹಸಿವಿ ಐತಿ.”

ಚಂಪಕಾ ನೀಡಿದಳು. ಎಲೆಯ ಅಂದಾಜು ಸಿಗದೆ ತುಪ್ಪ ಅರ್ಧ ನೆಲಕ್ಕೆ ಹೋಯಿತು. ಅವ್ವ ಎಲೆಯನ್ನೇ ಅವಳ ಕಡೆಗೆ ಸರಿಸಿದಳು.

“ನನಗೂ ಒಂದು” ಎಂದ ಸೋದರತ್ತೆ ತಿದ್ದಿಕೊಂಡಳು: “ಒಂದಲ್ಲ, ಎರಡು ನೀಡವಾ.” ಆಚೆಯವಳು ತನಗೆ ಹೋಳಿಗೆ ಬೇಡ, ಅನ್ನ ಬೇಕು ಎಂದಳು. ಹೀಗೆ ಸಾಲಿನ ತುದಿಯವರೆಗೂ ಹೆಂಗಸರು ಬೇಕಾದ್ದನ್ನು ಬಾಯಿಬಿಟ್ಟು ಕೇಳಿದರು. ಕೆಲವರಿಗೆ ಅದು ಜೀವಮಾನದಲ್ಲಿ ಮೊದಲ ಸಲವಿರಬೇಕು. ಶಾಲ್ಮಲಾ ರೂಢಿಯಂತೆ ಎಲೆಯ ಮೇಲೆ ಕೈ ಅಡ್ಡ ಹಿಡಿದಿದ್ದವರು, ಕೈಯನ್ನು ಮೆಲ್ಲಗೆ ತೆಗೆದರು.

ಸನ್ನೆಯೋಲೆ ಮುಂದೆ ಸಾವಿರಾರು ಜನರಿಗೆ ದಾರಿ ತೋರಿಸಿತು. ಚಂಪಕಾ ಕೂಡ ಪೇಟೆಗೆ ಹೋಗುವಾಗ ಹಾಕಿಕೊಳ್ಳುತ್ತಾಳೆ, ಮನೆಗೆ ಬಂದೊಡನೆ ತೆಗೆದು ಗೂಡಿನಲ್ಲಿಡುತ್ತಾಳೆ. ಆ ಮನೆಯವರು ಈಗ ಬಾಯಿಬಿಟ್ಟು ಹೇಳುವುದನ್ನು ಕಲಿತಿದ್ದಾರೆ. ಶಾಲ್ಮಲಾ ಆ ದಿನದ ವರದಿಯಲ್ಲಿ ಬರೆದಿದ್ದರು: ‘ಕೊನೆಯ ಪಂಕ್ತಿಯಲ್ಲಿ ಇಪ್ಪತ್ತು ನಿಮಿಷ ಯಂತ್ರ ಕಿವಿಯಲ್ಲಿರಲಿಲ್ಲ. ಆ ಇಪ್ಪತ್ತು ನಿಮಿಷದಲ್ಲಿ, ಚೆಲ್ಲಿದ ತುಪ್ಪ ಬಿಟ್ಟರೆ, ಬಡಿಸುವವಳಿಂದ ಒಂದೂ ತಪ್ಪಾಗಲಿಲ್ಲ.’

ನೀವು ಇದನ್ನು ಓದುವ ಹೊತ್ತಿಗೆ ಆ ಓಲೆ ಬರಲು ಇನ್ನೂ ಎಷ್ಟೋ ವರ್ಷಗಳಿವೆ. ಅಲ್ಲಿಯವರೆಗೆ ಬುಟ್ಟಿ ಹಿಡಿದ ಹುಡುಗಿಯೊಬ್ಬಳು ನಿಮ್ಮ ಎಲೆಯ ಮುಂದೆ ನಿಂತು, ‘ಸಾಕೇನ್ರಿ?’ ಎಂದು ಕೇಳುತ್ತಿದ್ದಾಳೆ. ನೀವು ಏನು ಹೇಳುತ್ತೀರೋ ಅದನ್ನೇ ಅವಳು ನಂಬುತ್ತಾಳೆ.