ಕಿಂಡಿಯಲ್ಲಿ ಕೇಳದ ಮಾತು

ಆ ಸಂಜೆ ಲಾರಿ ಎಳೆಯುವ ಬೆಲ್ಟಿನ ಒಂದು ತುದಿ ಅವಳ ಕೈಯಲ್ಲಿತ್ತು, ಇನ್ನೊಂದು ತುದಿ ಅವನ ಕೈಯಲ್ಲಿ. ನಡುವೆ ಸಾಮಾನು ಕೋಣೆಯ ಕಿಂಡಿ.

ಕಿಂಡಿಯ ಹೊರಗೆ, ಅಂಗಳದಲ್ಲಿ, ಮೂತಿ ಜಜ್ಜಿಸಿಕೊಂಡ ಲಾರಿಗಳು ಸಾಲಾಗಿ ನಿಂತಿದ್ದವು. ಬೆಟ್ಟದ ರಸ್ತೆಯಲ್ಲಿ ಉರುಳಿದ, ಹಳ್ಳಕ್ಕಿಳಿದ ಗಾಡಿಗಳನ್ನು ಮೇಲೆತ್ತಿ ಎಳೆದು ತರುವುದೇ ಆ ಅಂಗಳದವರ ಕೆಲಸ. ಅದಕ್ಕೆ ಬೇಕಾದ ವೈರ್ ರೋಪು, ಬೆಲ್ಟು, ಹುಕ್ಕು, ಕೊಂಡಿಗಳೆಲ್ಲ ಅವಳ ಸುಪರ್ದಿಯಲ್ಲಿದ್ದವು. ಯಾವ ಭಾರಕ್ಕೆ ಯಾವುದೆಂದು ಆರಿಸಿಕೊಡುವವಳು ಅವಳು. ಹಿಂತಿರುಗಿ ಬಂದದ್ದು ಮತ್ತೊಮ್ಮೆ ಭಾರ ಹೊತ್ತೀತೋ ಇಲ್ಲವೋ ಎಂದು ತೀರ್ಮಾನಿಸುವವಳೂ ಅವಳೇ. ಹೊರಲಾರದ್ದನ್ನು ಸುಮ್ಮನೆ ಬಿಸಾಡಿದರೆ ಯಾರಾದರೂ ಎತ್ತಿಕೊಂಡು ಹೋಗಿ ಬಳಸಿಬಿಡುತ್ತಾರೆಂದು ಅವಳು ಅದನ್ನು ತುಂಡು ತುಂಡು ಮಾಡಿಯೇ ಕಸಕ್ಕೆ ಹಾಕುತ್ತಿದ್ದಳು. ಅಂಗಳದವರು ಅವಳಿಗಿಟ್ಟ ಹೆಸರು ಕತ್ತರಿ.

ವೈರ್ ರೋಪಾದರೆ ಒಂದು ಹತ್ತಿಬಟ್ಟೆಯನ್ನು ಅದರ ಉದ್ದಕ್ಕೂ ಜಾರಿಸಿಕೊಂಡು ಹೋಗುತ್ತಿದ್ದಳು. ಬಟ್ಟೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ತಂತಿ ಮುರಿದಿದೆ ಎಂದು ಲೆಕ್ಕ. ಬೆಲ್ಟಿಗೆ ಅಂಗೈಯೇ ಸಾಕು. ಮೇಲಿನ ನೇಯ್ಗೆ ಸವೆದರೆ ಒಳಗಿನ ಕೆಂಪು ದಾರ ತಾನಾಗಿ ಮುಖ ತೋರಿಸುತ್ತದೆ. ಆದರೆ ಕಣ್ಣಿಗೂ ಕೈಗೂ ಸಿಗದ ಪೆಟ್ಟು ಒಂದಿದೆ. ಸಡಿಲ ಬಿದ್ದಿದ್ದ ಬೆಲ್ಟು ಭಾರ ಜಾರಿ ಒಮ್ಮೆಲೇ ಬಿಗಿದರೆ, ಹೊರಗೆ ಹೊಸದರಂತೆ ಇದ್ದುಕೊಂಡೇ ಒಳಗೆ ಸತ್ತುಹೋಗಿರುತ್ತದೆ. ಅದನ್ನು ಬಲ್ಲವನು ಎಳೆದವನೊಬ್ಬನೇ. ಆದ್ದರಿಂದ ಸಾಮಾನು ವಾಪಸು ತಂದ ಪ್ರತಿಯೊಬ್ಬನನ್ನೂ ಅವಳು ಕಿಂಡಿಯಲ್ಲಿ ನಿಲ್ಲಿಸಿ ಒಂದೇ ಮಾತು ಕೇಳುತ್ತಿದ್ದಳು: ಜರ್ಕ್ ಹೊಡೀತಾ?

ಆ ಸಂಜೆ ಕಿಂಡಿಯಲ್ಲಿ ನಿಂತವನು ಗಾಡಿ ಎಳೆಯುವ ವಿಂಚ್ ನಡೆಸುವವನು. ಹಳ್ಳದಿಂದ ಟ್ಯಾಂಕರ್ ಎತ್ತಿ ಬಂದಿದ್ದ. ರೆಪ್ಪೆಯ ಮೇಲೂ ಕೆಂಪು ಕೆಸರು ಒಣಗಿತ್ತು. ಮದುವೆಯಾಗುತ್ತೀರಾ ಎಂದು ಅವನು ಕೇಳಿ ಕೆಲವು ದಿನಗಳಾಗಿದ್ದವು.

"ಉತ್ತರ ಇವತ್ತು ಕೊಡ್ತೀನಿ ಅಂದಿದ್ರಿ."

"ಮೊದಲು ಬೆಲ್ಟ್ ಕೊಡಿ."

"ಬೆಲ್ಟ್ ಕೊಟ್ರೆ ಕಿಂಡಿ ಹಾಕ್ಕೊಂಡುಬಿಡ್ತೀರಿ. ನಿಮ್ಮನ್ನ ನಂಬೋ ಹಾಗಿಲ್ಲ."

ಅವಳು ನಗು ತಡೆದುಕೊಂಡು ತನ್ನ ತುದಿಯಿಂದ ಪರೀಕ್ಷೆ ಶುರುಮಾಡಿದಳು. ಅಂಗೈ ಬೆಲ್ಟಿನ ಮೇಲೆ ಮೆಲ್ಲಗೆ ಅವನ ಕಡೆಗೆ ಸರಿಯುತ್ತ ಹೋಯಿತು. ಅವನು ಬೆಲ್ಟನ್ನು ನೋಡುತ್ತಿರಲಿಲ್ಲ. ಅವಳ ಕಿವಿಯ ಹಿಂದಿನಿಂದ ತಪ್ಪಿಸಿಕೊಂಡು ಬಂದ ಕೂದಲೊಂದನ್ನು, ಅದು ಎಲ್ಲಿ ಬಿದ್ದೀತು ಎನ್ನುವ ಕಾಳಜಿಯಿಂದ ನೋಡುತ್ತಿದ್ದ. ನೇಯ್ಗೆ ಮುಗಿದು ತೊಗಲಿನ ಹೊದಿಕೆಯ ಕುಣಿಕೆ ಬಂತು. ಅದರ ಮೇಲೆ ಅವನ ಬೆರಳುಗಳಿದ್ದವು. ಅವಳ ಕೈ ಅವುಗಳಿಗೆ ತಾಗಿ ಅಲ್ಲೇ ನಿಂತಿತು.

ಕೈ ತೆಗೆಯಿರಿ ಎನ್ನಬೇಕಿತ್ತು. ಹೊದಿಕೆ ಸರಿಸಿ ಒಳಗೆ ನೋಡಬೇಕಿತ್ತು. ಕೇಳಬೇಕಾದ ಮಾತು ಕೇಳಬೇಕಿತ್ತು.

"ಭಾನುವಾರ ಮನೆಗೆ ಬನ್ನಿ," ಎಂದಳು. "ಅಣ್ಣನ ಹತ್ರ ಮಾತಾಡಿ."

ಅವನು ಬೆಲ್ಟನ್ನು ಬಿಟ್ಟ. ಏನೋ ಹೇಳಲು ಬಾಯಿ ತೆರೆದವನು, ಹೇಳಬೇಕಾದದ್ದೆಲ್ಲ ಮರೆತವನಂತೆ ನಕ್ಕು, ಹಿಮ್ಮುಖವಾಗಿ ನಡೆಯುತ್ತ ಹೋಗಿ ಲಾರಿಯ ಬಂಪರಿಗೆ ಬೆನ್ನು ತಾಗಿಸಿಕೊಂಡ. ಅವಳು ಬೆಲ್ಟನ್ನು ಸುತ್ತಿ, ನಾಳೆಗೆ ಕೊಡುವ ಸಾಮಾನಿನ ಗೂಟಕ್ಕೆ ಹಾಕಿದಳು.

ಮರುದಿನ ಅದನ್ನು ತೆಗೆದುಕೊಂಡು ಹೋದವನು ಅವಳ ಅಣ್ಣ.

ಅಣ್ಣ ಆ ಅಂಗಳದ ಹಿರಿಯ. ಬಿದ್ದ ಗಾಡಿಯ ಸುತ್ತ ಒಮ್ಮೆ ನಡೆದು ಬಂದು ಅದರ ಭಾರ ಹೇಳುತ್ತಿದ್ದ. ತೂಕದ ಕಾಟಾಕ್ಕೆ ಹಾಕಿ ನೋಡಿದವರು ಸುಮ್ಮನೆ ತಲೆದೂಗುತ್ತಿದ್ದರು. ಆಳೂ ಹಾಗೆಯೇ, ಬಾಗಿಲು ತುಂಬುವಂಥ ದೇಹ. ತಂಗಿಯನ್ನು ಸಾಕಿ, ಕಾಲೇಜಿನಲ್ಲಿ ವಿಜ್ಞಾನ ಓದಿಸಿ, ಕೊನೆಗೆ ಅವಳು ಇದೇ ಗ್ರೀಸಿನ ಕೋಣೆಗೆ ಬರುತ್ತೇನೆಂದಾಗ ಬೈದು, ಬೈಯುತ್ತಲೇ ಕಿಂಡಿಗೆ ಹೊಸ ಬಾಗಿಲು ಮಾಡಿಸಿಕೊಟ್ಟವನು.

ಬಂಡೆಗಳ ನಡುವೆ ಸಿಕ್ಕಿಕೊಂಡ ಮರಳಿನ ಲಾರಿಯನ್ನು ಎಳೆಯುವಾಗ ಬೆಲ್ಟು ಕುಣಿಕೆಯ ಹತ್ತಿರ ಹರಿಯಿತು. ತುದಿಯಲ್ಲಿದ್ದ ಕಬ್ಬಿಣದ ಕೊಂಡಿ ತಿರುಗಿ ಬಂದು ಅಣ್ಣನ ಮೊಣಕಾಲಿಗೆ ಬಡಿಯಿತು. ಆಸ್ಪತ್ರೆಯವರು ಕಾಲನ್ನು ಮೊಣಕಾಲಿನ ಮೇಲಿನಿಂದ ಕತ್ತರಿಸಿ ತೆಗೆದರು.

ಮಾಲೀಕರು ಎಲ್ಲರನ್ನೂ ಸೇರಿಸಿ ಹೇಳಿದ್ದು ಇಷ್ಟು: ಭಾರದ ಅಂದಾಜು ತಪ್ಪಿದೆ, ಆ ಲಾರಿಗೆ ಆ ಬೆಲ್ಟ್ ಸಾಲದು, ವಯಸ್ಸಾದ ಮೇಲೆ ಹೀಗಾಗುತ್ತದೆ, ಇನ್ನು ಇದರ ಮಾತು ಬೇಡ.

ಅದಕ್ಕಿಂತ ಕೆಟ್ಟದ್ದೆಂದರೆ ಅಣ್ಣನೂ ಅದನ್ನು ನಂಬಿದ. ಮನೆಗೆ ಕರೆತಂದ ಮೇಲೆ ಛಾವಣಿ ನೋಡುತ್ತ ಮಲಗಿ ಆ ಲಾರಿಯನ್ನು ಮತ್ತೆ ಮತ್ತೆ ತೂಗುತ್ತಿದ್ದ. ಮರಳು ಒದ್ದೆಯಿತ್ತೇನೋ. ಚಕ್ರ ಕಲ್ಲಿಗೆ ಕಚ್ಚಿಕೊಂಡಿದ್ದನ್ನು ತಾನು ನೋಡಲಿಲ್ಲವೇನೋ. ಊಟದ ತಟ್ಟೆ ಹಿಡಿದು ಕೂತ ತಂಗಿಗೆ ಒಂದು ದಿನ ಹೇಳಿದ: "ಕಾಲು ಹೋಗ್ಲಿ ಬಿಡು ಪುಟ್ಟಿ. ನನ್ನ ಕಣ್ಣೇ ಹೋಯ್ತಲ್ಲ."

ಹರಿದ ಬೆಲ್ಟು ಸಾಮಾನು ಕೋಣೆಯ ಮೂಲೆಯಲ್ಲಿ ಬಿದ್ದಿತ್ತು. ಅದರ ಮೇಲೆ ಅಣ್ಣನ ರಕ್ತವಿದೆಯೆಂದು ಅವಳು ಮುಟ್ಟಿರಲಿಲ್ಲ. ಆ ಮಾತು ಕೇಳಿದ ಮರುದಿನ ಎತ್ತಿ ಮೇಜಿನ ಮೇಲಿಟ್ಟು, ದೀಪ ಎಳೆದುಕೊಂಡು, ಕುಣಿಕೆಯ ತೊಗಲಿನ ಹೊದಿಕೆ ಸರಿಸಿದಳು.

ಅರ್ಧ ಎಳೆಗಳು ಸ್ವಚ್ಛವಾಗಿ, ಹೊಸದಾಗಿ ಹರಿದಿದ್ದವು. ಉಳಿದರ್ಧ ಎಳೆಗಳ ತುದಿಯೊಳಗೆ ಕೆಂಪು ಕೆಸರು ಒಣಗಿ ಕೂತಿತ್ತು. ಅಣ್ಣ ಹೋದ ಜಾಗದಲ್ಲಿ ಒಣ ಬಂಡೆಯಲ್ಲದೆ ಬೇರೇನೂ ಇರಲಿಲ್ಲ. ಕೆಸರಿದ್ದದ್ದು ಅದರ ಹಿಂದಿನ ದಿನದ ಹಳ್ಳದಲ್ಲಿ. ಅಂದರೆ ಅವಳ ಕೈಗೆ ಬರುವಾಗಲೇ ಬೆಲ್ಟು ಅರ್ಧ ಹರಿದಿತ್ತು, ಹರಿದದ್ದು ಸರಿಯಾಗಿ ಅವನ ಬೆರಳುಗಳ ಕೆಳಗೆ.

ಅಂಗೈ ತಾಗಿ ನಿಂತ ಜಾಗ ಅವಳಿಗೆ ಇನ್ನೂ ನೆನಪಿತ್ತು. ಬೆರಳುಗಳ ಬಿಸಿಯೂ ನೆನಪಿತ್ತು. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

ಅವನು ಆಸ್ಪತ್ರೆಯ ದಿನಗಳಲ್ಲೆಲ್ಲ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತಿರುತ್ತಿದ್ದ, ಒಳಗೆ ಬಂದಿರಲಿಲ್ಲ. ಬರಬೇಕಾಗಿದ್ದ ಭಾನುವಾರ ಯಾರ ನೆನಪಿಗೂ ಬಾರದೆ ಕಳೆದುಹೋಗಿತ್ತು. ಹೊದಿಕೆ ಸರಿಸಿ ನೋಡಿದ ಆ ದಿನ ಅವನು ವೈರ್ ರೋಪಿನ ಸುರುಳಿ ಹೊತ್ತು ಕಿಂಡಿಗೆ ಬಂದಾಗ ಅವಳು ಅದನ್ನು ತೆಗೆದುಕೊಳ್ಳಲಿಲ್ಲ. ಹರಿದ ಬೆಲ್ಟನ್ನು ಕಟ್ಟೆಯ ಮೇಲಿಟ್ಟಳು.

"ಜರ್ಕ್ ಹೊಡೀತಾ?"

ಇಲ್ಲ ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಮಾಲೀಕರು ತೀರ್ಪು ಕೊಟ್ಟಾಗಿತ್ತು, ಅಣ್ಣ ಒಪ್ಪಿಕೊಂಡಾಗಿತ್ತು. ಕೆಸರಿನ ಸುದ್ದಿ ಅವಳೊಬ್ಬಳಿಗೇ ಗೊತ್ತು. ಅವನು ಇಲ್ಲ ಎನ್ನಲಿ ಎಂದು ತನ್ನ ಮನಸ್ಸಿನ ಒಂದು ಮೂಲೆ ಬಯಸುತ್ತಿರುವುದು ತಿಳಿದು ಅವಳಿಗೆ ಹೇಸಿಗೆಯಾಯಿತು.

"ಹೊಡೀತು," ಎಂದ ಅವನು.

ಆಮೇಲೆ ತಡೆಯದೆ ಹೇಳುತ್ತ ಹೋದ. ಟ್ಯಾಂಕರ್ ಕೆಸರಲ್ಲಿ ಹಿಂದಕ್ಕೆ ಜಾರಿತ್ತು, ಸಡಿಲವಿದ್ದ ಬೆಲ್ಟು ಧಡ್ ಎಂದು ಬಿಗಿದಿತ್ತು. ಕಿಂಡಿಗೆ ಹೋದೊಡನೆ ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಲ್ಲಿಟ್ಟುಕೊಂಡೇ ಬಂದಿದ್ದ. ಭಾನುವಾರ ಬನ್ನಿ ಎಂದಾಗ ಬಾಯಲ್ಲಿದ್ದದ್ದು ಎಲ್ಲಿ ಹೋಯಿತೋ. ಮರುದಿನ ಬೆಲ್ಟ್ ಹರಿಯಿತೆಂದು ಕೇಳಿದಾಗಲೇ ನೆನಪಾದದ್ದು. ಅಲ್ಲಿಂದೀಚೆಗೆ ಹೇಳಲೆಂದು ದಿನವೂ ಬರುವುದು, ಹೇಳದೆ ದಿನವೂ ಹೋಗುವುದು.

"ನಾನೂ ಕೇಳಲಿಲ್ಲ," ಎಂದಳು ಅವಳು. "ಎಲ್ಲರನ್ನೂ ಕೇಳ್ತೀನಿ. ನಿಮ್ಮನ್ನ ಕೇಳಲಿಲ್ಲ."

"ನಾನೊಬ್ಬನೇ ಹೋಗಿ ಹೇಳ್ತೀನಿ. ನಿಮ್ಮ ಹೆಸರು ಬೇಡ."

"ಕೈ ಅರ್ಧಕ್ಕೆ ನಿಂತದ್ದು ನಂದು. ಬನ್ನಿ."

ಇಬ್ಬರೂ ಹೋಗಿ ಮಂಚದ ಪಕ್ಕ ನಿಂತು ಹೇಳಿದರು. ಅಣ್ಣ ಕೊನೆಯವರೆಗೂ ಕೇಳಿದ. ತಂಗಿಯೊಬ್ಬಳನ್ನೇ ನೋಡಿ, ಬೆಲ್ಟ್ ಚೆನ್ನಾಗಿದ್ದಿದ್ದರೆ ಆ ಲಾರಿಯನ್ನು ತಡೆಯುತ್ತಿತ್ತೇ ಎಂದು ಕೇಳಿದ. ತಡೆಯುತ್ತಿತ್ತು, ನಿನ್ನ ಅಂದಾಜು ಸರಿಯಾಗಿಯೇ ಇತ್ತು ಎಂದಳು. ಕಾಲು ಹೋದಾಗಲೂ ಅಳದವನು ಆಗ ಗೋಡೆಗೆ ಮುಖ ತಿರುಗಿಸಿಕೊಂಡು ಅತ್ತ.

ಕಣ್ಣೊರೆಸಿಕೊಂಡು ಹೇಳಿದ: "ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಿಂತ್ರಿ. ಆಯ್ತು. ಇವನು ಇನ್ನು ನನ್ನ ಮನೆ ಮೆಟ್ಟಿಲು ಹತ್ತಬಾರದು."

ಅವನು ಅಲ್ಲಿಂದ ನೇರ ಮಾಲೀಕರ ಹತ್ತಿರ ಹೋಗಿ ಅದನ್ನೇ ಹೇಳಿ ಕೆಲಸ ಕಳೆದುಕೊಂಡ. ಅವಳೂ ಹೋಗಿ ಹೇಳಿದಳು. ಅವಳನ್ನು ತೆಗೆಯಲಿಲ್ಲ, ಕಿಂಡಿಯಲ್ಲಿ ಕೂರುವವರು ಬೇರೆ ಇರಲಿಲ್ಲ. ತೆಗೆದಿದ್ದರೆ ಹಗುರಾಗುತ್ತಿತ್ತು. ಬರುವವರೆಲ್ಲ ಈಗ ಅವಳು ಕೇಳುವ ಮೊದಲೇ ಉತ್ತರ ಹೇಳಿಬಿಡುತ್ತಿದ್ದರು, ಅವಳ ಮುಖ ನೋಡದೆ. ಕತ್ತರಿ ಎಂದು ಯಾರೂ ಕರೆಯುತ್ತಿರಲಿಲ್ಲ.

ಅವನಿಗೆ ಯಾವುದೋ ಗೋದಾಮಿನಲ್ಲಿ ಮೂಟೆ ಇಳಿಸುವ ಕೆಲಸ ಸಿಕ್ಕಿತಂತೆ. ಬಸ್ ನಿಲ್ದಾಣದಲ್ಲಿ ಒಮ್ಮೊಮ್ಮೆ ಎದುರಾಗುತ್ತಿದ್ದ. ಅಣ್ಣ ಹೇಗಿದ್ದಾರೆ ಎಂದು ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು. ಬಸ್ಸು ಬರುವವರೆಗೆ ಇಬ್ಬರೂ ರಸ್ತೆ ನೋಡುತ್ತ ನಿಲ್ಲುತ್ತಿದ್ದರು. ಬಸ್ಸು ತಡವಾದರೆ ಒಳ್ಳೆಯದು ಎಂದು ಅವಳಿಗೆ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದ್ದಕ್ಕೆ ಮನೆ ಸೇರುವವರೆಗೂ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು.

ಕೃತಕ ಕಾಲಿನ ಅಳತೆ ಕೊಡುವ ದಿನ ಬಂತು. ಮನೆ ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು. ಅಂಗಳದ ಆಳುಗಳು ಬಂದು ಕುರ್ಚಿ ಸಮೇತ ಎತ್ತಿದರು. ಮೊದಲ ಮೆಟ್ಟಿಲಲ್ಲೇ ಕುರ್ಚಿ ಕುಲುಕಿತು, ಮೊಂಡುಗಾಲು ಗೋಡೆಗೆ ತಾಗಿತು. ಅಣ್ಣ ಹಲ್ಲು ಕಚ್ಚಿ ಅವರನ್ನೆಲ್ಲ ಕಳಿಸಿಬಿಟ್ಟ.

ಬೆವರು ಒರೆಸಿಕೊಂಡು ಹೇಳಿದ: "ಅವನನ್ನ ಕರಿ."

ಅವಳು ಯಾರನ್ನು ಎಂದು ಕೇಳಲಿಲ್ಲ.

"ಎಂಥಾ ಭಾರ ಆದ್ರೂ ಹೂವಿನ ಹಾಗೆ ಇಳಿಸೋನು ಈ ಊರಲ್ಲಿ ಅವನೊಬ್ಬನೇ. ನನ್ನ ಒಂದು ಕಾಲು ತಿಂದಿದ್ದಾನೆ. ಉಳಿದದ್ದನ್ನಾದ್ರೂ ಹೊರಲಿ. ಬೆಲ್ಟ್ ನೀನೇ ಆರಿಸಿ ತಾ. ಅಗಲದ್ದು, ತೊಡೆ ಕೊಯ್ಯಬಾರದು."

ಅವಳು ಅಗಲದ, ಮೆತ್ತನೆಯ ಬೆಲ್ಟನ್ನು ತಂದಳು. ಅವನು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬರಬಹುದೇ ಎಂದು ಕಣ್ಣಲ್ಲೇ ಕೇಳಿ ನಿಂತಿದ್ದ. ಮೂಟೆ ಹೊತ್ತು ಹೆಗಲು ದಪ್ಪಗಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ಬೆಲ್ಟಿನ ಒಂದು ತುದಿ ಅವನು ಹಿಡಿದ, ಇನ್ನೊಂದನ್ನು ಅವಳು. ಅಂಗೈ ಅದರ ಉದ್ದಕ್ಕೂ ಸರಿದು ಅವನ ಬೆರಳುಗಳ ಹತ್ತಿರ ಬಂತು.

"ಕೈ ತೆಗೀರಿ."

ತೆಗೆದ. ಅವಳು ಹೊದಿಕೆ ಸರಿಸಿ, ಕುಣಿಕೆಯ ಒಳಮೈಯನ್ನು ಕೊನೆಯವರೆಗೂ ನೋಡಿದಳು. ಮಂಚದ ಮೇಲಿಂದ ಅಣ್ಣ ಅವಳ ಕೈಯನ್ನೇ ನೋಡುತ್ತಿದ್ದ.

ಬೆಲ್ಟನ್ನು ಅಣ್ಣನ ತೊಡೆಗಳ ಕೆಳಗೆ ಹಾಯಿಸಿ, ತನ್ನ ಎರಡೂ ಹೆಗಲಿಗೆ ಬಿಗಿದುಕೊಂಡು, ಅಣ್ಣನನ್ನು ಬೆನ್ನಿಗೆ ಹೊತ್ತು ಅವನು ಎದ್ದ. ಅವಳು ಮುಂದೆ, ಹಿಮ್ಮುಖವಾಗಿ ಇಳಿಯುತ್ತ ಮೊಂಡುಗಾಲಿಗೆ ಗೋಡೆ ತಾಗದಂತೆ ಕೈ ಅಡ್ಡ ಹಿಡಿದಳು. ಒಂದು ಪಾದ ಊರಿ, ಭಾರ ಕೂತ ಮೇಲೆಯೇ ಇನ್ನೊಂದು. ತಿರುವಿನಲ್ಲಿ ಭಾರ ಒಂದು ಕಡೆಗೆ ವಾಲಿತು. ಸಡಿಲ ಬಿಡಬೇಡ ಎಂದ ಅಣ್ಣ, ಅಂಗಳದಲ್ಲಿ ಹೇಳುತ್ತಿದ್ದ ಅದೇ ದನಿಯಲ್ಲಿ. ಅವನು ಬಿಡಲಿಲ್ಲ.

ಕೆಳಗಿನ ಕಲ್ಲಿನ ಮೇಲೆ ಬಿಸಿಲಿತ್ತು. ಅವನು ನಿಂತ. ಹಣೆಯ ಬೆವರು ರೆಪ್ಪೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಅವಳು ಸೆರಗಿನಿಂದ ಒರೆಸಿದಳು. ಅಣ್ಣನ ಎದುರಿಗೇ ಒರೆಸಿದಳು. ಆಮೇಲೆ ಅವನ ಕಣ್ಣನ್ನೇ ನೋಡುತ್ತ ಕೇಳಿದಳು.

"ಜರ್ಕ್ ಹೊಡೀತಾ?"

ಅವನು ಏದುಸಿರು ಬಿಡುತ್ತಿದ್ದ. ಅವನ ಹೆಗಲ ಮೇಲಿಂದ ಅಣ್ಣ ಉತ್ತರ ಕೊಟ್ಟ.

"ಇಲ್ಲ," ಎಂದ. ಆಮೇಲೆ ಯಾರ ಮುಖವನ್ನೂ ನೋಡದೆ, "ಭಾನುವಾರ ಬರಲಿ," ಎಂದ.