ಎಂಟು ಮೂವತ್ತೊಂದರ ಪ್ಯಾಕೆಟ್

ಭಾನುವಾರ ಬೆಳಿಗ್ಗೆ, ಘಾಟ್ಕೋಪರ್‌ನ ಸರ್ವಿಸ್ ರೋಡಿನಲ್ಲಿ, ಕಸದ ತೊಟ್ಟಿಯ ಪಕ್ಕ ನಿಂಗಣ್ಣನ ಹೆಣ ಸಿಕ್ಕಿತು. ಯಾರೋ ನೋಡದೆ ಅವನ ಅಂಗಿಯ ಮೇಲೆ ಸೋಸಿದ ಚಹಾಪುಡಿ ಸುರಿದು ಹೋಗಿದ್ದರು.

ವಾಹನ ಗುದ್ದಿದೆ ಎಂದರು ಪೊಲೀಸರು. ಯಾವ ವಾಹನ? ಸೋಮವಾರ ಉತ್ತರ ಬಂತು — ನಿಂಗಣ್ಣ ಕೆಲಸಕ್ಕಿದ್ದ ಕಟ್ಟಡದ ಸೈಟಿನದೇ ವ್ಯಾನು. ಚಾಲಕ ಯಲ್ಲಾಲಿಂಗ. ನಿಂಗಣ್ಣನ ಹೆಂಡತಿ ಇಂದ್ರಾಬಾಯಿಯ ತಮ್ಮ. ಅವನನ್ನು ಲಾಕಪ್ಪಿಗೆ ಹಾಕಿದರು.

ಸಾಕ್ಷಿ, ಸೈಟ್ ಎಂಜಿನಿಯರ್ ಮನೀಶ್ ಕೊಟ್ಟ ಒಂದು ಹಾಳೆ. ಅವನಿಗೆ ಹ್ಯಾಮ್ ರೇಡಿಯೊ, ಅಂದರೆ ಸ್ವಂತ ಆಂಟೆನಾ ಇಟ್ಟು ಗಾಳಿಯಲ್ಲಿ ಸಂದೇಶ ಕಳಿಸುವ, ಹಿಡಿಯುವ ಹವ್ಯಾಸ. ವ್ಯಾನಿನಲ್ಲಿ ಅವನಿಟ್ಟ ಪುಟ್ಟ ರೇಡಿಯೊ ಎರಡು ನಿಮಿಷಕ್ಕೊಮ್ಮೆ, ತಾನೆಲ್ಲಿದ್ದೇನೆ, ಎಷ್ಟು ವೇಗ ಎಂದು ಅವನ ಕಂಪ್ಯೂಟರಿಗೆ ಒಂದು ಸಾಲಿನ ಸಂದೇಶ, ಅವರ ಮಾತಿನಲ್ಲಿ ಪ್ಯಾಕೆಟ್, ಕಳಿಸುತ್ತದೆ. ಭಾನುವಾರ ಬೆಳಿಗ್ಗೆ ಎಂಟು ಮೂವತ್ತೊಂದರ ಸಾಲಿನ ಪ್ರಕಾರ ವ್ಯಾನು ಹೆಣ ಸಿಕ್ಕ ಜಾಗದಲ್ಲೇ, ವೇಗ ಅರವತ್ತೆರಡು.

"ಭಾನುವಾರ ವ್ಯಾನಿನ ಕೀಲಿ ಮನೀಶ್ ಸಾಹೇಬರ ಹತ್ರ ಇತ್ತಂತ್ರಿ ಅಕ್ಕಾ," ಎಂದಳು ಇಂದ್ರಾಬಾಯಿ. "ಗಂಡನ್ನ ಮಣ್ಣಿಗಿ ಕೊಟ್ಟು ಬಂದೀನಿ. ತಮ್ಮನ್ನ ಜೇಲಿಗಿ ಕೊಡ್ಲಾ?"

ಅವಳು ಕೇಳಿದ್ದು ಶೀಲಾವತಿಯಕ್ಕನನ್ನು. ಮಾಟುಂಗದಲ್ಲಿ ಅವಳು ಮನೆಗೆಲಸ ಮಾಡುವುದು ಅವರಲ್ಲೇ. ಅವರು ಮೂವತ್ತು ವರ್ಷದಿಂದ ಹ್ಯಾಮ್ ಹವ್ಯಾಸಿ. ನಾನು ಅವರಿಂದ ಕಲಿಯುತ್ತಿದ್ದವಳು. ಹಾಳೆಯ ಫೋಟೊ ನೋಡಿ, ಅಕ್ಕ ಸಬ್ ಇನ್ಸ್‌ಪೆಕ್ಟರ್ ಸೋನಾಲಿಗೆ ಫೋನ್ ಮಾಡಿದರು.

ಅಕ್ಕ, ಸೋನಾಲಿ, ಇಂದ್ರಾಬಾಯಿ, ನಾನು, ನಾಲ್ವರೂ ಸೈಟ್ ಆಫೀಸಿಗೆ ಹೋದಾಗ ಮನೀಶ್ ಮೋಸಂಬಿ ಸುಲಿಯುತ್ತಿದ್ದ. ಮುಂಬಯಿಯಲ್ಲೇ ಹುಟ್ಟಿದ ಉಡುಪಿ ಮೂಲದವನು.

"ಈ ಸಾಲು ನಿಮ್ಮ ಕಂಪ್ಯೂಟರಿನದ್ದಾ?" ಎಂದು ಅಕ್ಕ ಕೇಳಿದರು.

"ಹಾಂ ಆಂಟಿ. ಡೈರೆಕ್ಟ್ ಪ್ರಿಂಟ್."

"ಬೇರೆ ಯಾರಾದ್ರೂ ಮುಟ್ಟಿರಬಹುದಾ?"

"ಚಾನ್ಸೇ ಇಲ್ಲ. ಪಾಸ್‌ವರ್ಡ್ ಸಿರ್ಫ್ ನನ್ನ ಹತ್ರ."

"ಭಾನುವಾರ ನೀವೆಲ್ಲಿದ್ರಿ?"

"ಘರ್ ಪೆ. ಮನೇಲಿ ಮಲ್ಕೊಂಡಿದ್ದೆ."

"ಈ ರೇಖಾಂಶ ಸ್ವಲ್ಪ ಓದಿ ಮಾರಾಯ್ರೆ. ನಂಗೆ ಕಣ್ಣು ಮಂಜು."

"ಜೀರೊ ಸೆವೆನ್ ಟೂ, ನೈನ್ ಜೀರೊ ಪಾಯಿಂಟ್ ಏಟ್ ಒನ್. ಮತ್ಲಬ್ ಸೆವೆಂಟಿ ಟೂ ಪಾಯಿಂಟ್ ನೈನ್. ಘಾಟ್ಕೋಪರ್. ಫೋನಿನ ಮ್ಯಾಪಲ್ಲಿ ನೋಡಿ."

"ಫೋನಿನಲ್ಲಿ ಹಾಗೆಯೇ ಉಂಟು. ಪ್ಯಾಕೆಟಿನಲ್ಲಿ ಇಲ್ಲ." ಅಕ್ಕ ಹಾಳೆಯನ್ನು ಸೋನಾಲಿಯ ಕಡೆ ತಿರುಗಿಸಿದರು. "ಪ್ಯಾಕೆಟಿನಲ್ಲಿ ಮೊದಲ ಮೂರು ಅಂಕೆ ಡಿಗ್ರಿ, ಆಮೇಲಿನದ್ದು ಮಿನಿಟು. ಮಿನಿಟು ಐವತ್ತೊಂಬತ್ತು ದಾಟುವುದಿಲ್ಲ, ಗಡಿಯಾರದ ಹಾಗೆ. ಘಾಟ್ಕೋಪರ್ ಅಂದ್ರೆ ಎಪ್ಪತ್ತೆರಡು ಡಿಗ್ರಿ ಐವತ್ತನಾಲ್ಕು ಮಿನಿಟು. ಇಲ್ಲಿ ತೊಂಬತ್ತು ಅಂತ ಉಂಟು. ಯಂತ್ರ ಇಂಥ ತಪ್ಪು ಮಾಡುವುದಿಲ್ಲ. ನಿಜವಾದ ಸಾಲು ಅಳಿಸಿ, ಫೋನ್ ನೋಡಿ ಹೊಸದು ಟೈಪ್ ಮಾಡಿದವರು ಮಾಡ್ತಾರೆ. ಪಾಸ್‌ವರ್ಡ್ ಯಾರದ್ದು ಅಂತ ಅವರೇ ಹೇಳಿದ್ರು."

ಮನೀಶ್ ಮೋಸಂಬಿ ಕೆಳಗಿಟ್ಟ.

"ಗಾಳಿಗೆ ಬಿಟ್ಟದ್ದು ನನ್ನ ಆಂಟೆನಾಕ್ಕೂ ಬೀಳ್ತದೆ," ಎಂದು ಅಕ್ಕ ಚೀಲದಿಂದ ಇನ್ನೊಂದು ಹಾಳೆ ತೆಗೆದರು. "ಎಂಟು ಇಪ್ಪತ್ತೊಂದರ ತನಕ ವ್ಯಾನು ಈ ಸೈಟಿನಲ್ಲಿ. ಎಂಟು ಇಪ್ಪತ್ತೈದಕ್ಕೆ ಆಸ್ಪತ್ರೆಯ ಗೇಟಿನೆದುರು, ವೇಗ ಮೂವತ್ತೆಂಟು. ನಿಲ್ಲಲಿಲ್ಲ. ಎಂಟು ಮೂವತ್ತೊಂದಕ್ಕೆ ಕಸದ ತೊಟ್ಟಿಯ ಹತ್ರ, ವೇಗ ಸೊನ್ನೆ. ಮೂವತ್ತಮೂರಕ್ಕೂ ಸೊನ್ನೆ. ಗುದ್ದಿ ಓಡಿದ ವ್ಯಾನು ಅಷ್ಟು ಹೊತ್ತು ನಿಲ್ತದಾ? ನಿಂತದ್ದು ಇಳಿಸಲಿಕ್ಕೆ. ಆ ಬೆಳಿಗ್ಗೆ ನಿಂಗಣ್ಣ ಮೇಲಿನ ಸ್ಲ್ಯಾಬಿಗೆ ನೀರು ಹೊಡೆಯಲಿಕ್ಕೆ ಒಬ್ಬನೇ ಬಂದಿದ್ದ, ಇಂದ್ರಾಬಾಯಿ ಹೇಳಿದ್ದಾಳೆ. ಬಿದ್ದವರನ್ನು ಹಿಡಿಯುವ ಬಲೆ ನೀವು ಅಲ್ಲಿ ಕಟ್ಟಿಸಿರಲಿಲ್ಲ, ಈಗಲೂ ಇಲ್ಲ. ಬಿದ್ದ. ಅವನನ್ನು ಕಸಕ್ಕೆ ಹಾಕಿ ಬಂದದ್ದು ನೀವು, ಮನೀಶ್."

"ಆಸ್ಪತ್ರೆಗೆ ಹೋಗಿ ಫಾಯ್ದಾ ಇರ್ಲಿಲ್ಲ ಆಂಟಿ," ಎಂದ ಅವನು. ದನಿ ಏರಲಿಲ್ಲ, ಇಳಿಯಲಿಲ್ಲ. "ಜೀವ ಇರ್ಲಿಲ್ಲ ಅವನಲ್ಲಿ."

ಸೋನಾಲಿ ಲ್ಯಾಪ್‌ಟಾಪಿನ ವೈರು ಕಿತ್ತು ಸುತ್ತಿದರು. ಠಾಣೆಗೆ ಫೋನ್ ಮಾಡಿ ಯಲ್ಲಾಲಿಂಗನನ್ನು ಬಿಡಲು ಹೇಳಿದರು. ಕೋಣೆಯ ತುಂಬ ಮೋಸಂಬಿ ವಾಸನೆ.

ಅಲ್ಲಿಯವರೆಗೆ ಬಾಗಿಲಲ್ಲೇ ನಿಂತಿದ್ದ ಇಂದ್ರಾಬಾಯಿ ಒಳಗೆ ಬಂದಳು.

"ಸಾಹೇಬ್ರ, ಜೀವ ಇರಲಿಲ್ಲಂತ ನಿಮಗ ಹೇಳಿದ ಡಾಕ್ಟರ್ ಯಾರ್ರೀ?"

ಮನೀಶ್ ರಸ ಹತ್ತಿದ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡ.