ಇಂದ್ರಮ್ಮನ ಬಲಗೈ

“ಅಯ್ಯೋ...! ಬಿಡ್ರೀ ಕೈನ!”

ಇಂದ್ರಮ್ಮ ಕೂಗಿಕೊಂಡ ಜೋರಿಗೆ, ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ಪರದೆಯ ಕಡೆ ತಿರುಗಿದರು.

ಫಿಸಿಯೋಥೆರಪಿಸ್ಟ್ ಪಂಚಾಕ್ಷರಿ ಅವಳ ಮೊಣಕೈ ಮೇಲಿಟ್ಟಿದ್ದ ಹೆಬ್ಬೆರಳನ್ನು ತೆಗೆದ.

“ಇಲ್ಲೇ ತಾನೇ ನೋವು?”

“ಗೊತ್ತಿದ್ದೂ ಯಾಕೆ ಒತ್ತಿದ್ರಿ?”

ಅವಳ ಕಣ್ಣಲ್ಲಿ ನೀರು. ಅದಕ್ಕಿಂತ ಹೆಚ್ಚಾಗಿ ನಾಚಿಕೆ... ತನ್ನ ಇಪ್ಪತ್ನಾಲ್ಕು ವರ್ಷದ ಬದುಕಲ್ಲಿ ಮೊದಲ ಸಲ ಹೊರಗಿನ ಗಂಡಸೊಬ್ಬ ಅವಳ ಕೈ ಹಿಡಿದಿದ್ದ!

ಅದು 1986. ವಿಜಯನಗರದಲ್ಲಿ ಇಂದ್ರಮ್ಮನದು ಪುಟ್ಟ ಟೈಲರಿಂಗ್ ಅಂಗಡಿ. ಅಮ್ಮ ವೆಂಕಟಲಕ್ಷ್ಮಮ್ಮ ಹುಕ್ಕು ಹಾಕಿ ಕೊಡುತ್ತಿದ್ದರು. ಬಟ್ಟೆ ಕತ್ತರಿಸೋದು, ಹೊಲಿಯೋದು ಎಲ್ಲ ಇವಳೇ. ಮೂರು ತಿಂಗಳಿಂದ ಕತ್ತರಿ ಹಿಡಿದರೆ ಸಾಕು, ಮೊಣಕೈಯಿಂದ ಮಣಿಕಟ್ಟಿನವರೆಗೂ ಬೆಂಕಿ ಇಟ್ಟಂತೆ ಉರಿ. ‘ಆಪರೇಷನ್ ಮಾಡ್ಬೇಕಾಗ್ಬಹುದು’ ಅಂತ ಒಬ್ಬರು ಡಾಕ್ಟರು ಅಂದಿದ್ದೇ ತಡ, ತಾಯಿ ಮಗಳಿಗೆ ಊಟ ಸೇರಿರಲಿಲ್ಲ. ಯಾರೋ ಹೇಳಿದ್ದಕ್ಕೆ ರಾಜಾಜಿನಗರದ ಈ ಕ್ಲಿನಿಕ್ಕಿಗೆ ಬಂದಿದ್ದಳು.

“ಇದನ್ನ ಟೆನಿಸ್ ಎಲ್ಬೋ ಅಂತಾರೆ.”

“ನಾನು ಕುಂಟೆಬಿಲ್ಲೆ ಬಿಟ್ರೆ ಯಾವ ಆಟಾನೂ ಆಡಿಲ್ಲ ಸಾರ್!”

ಪಂಚಾಕ್ಷರಿಗೆ ನಗು ತಡೆಯಲಾಗಲಿಲ್ಲ. “ಕತ್ತರಿ ಹಿಡಿಯೋರಿಗೂ ಬರುತ್ತೆ. ಹೆಚ್ಚಿನವರಿಗೆ ಆಪರೇಷನ್ ಬೇಕಾಗಲ್ಲ ಕಣ್ರೀ. ತಾಳ್ಮೆ ಬೇಕು, ಅಷ್ಟೇ.”

ಆ ಮಾತು ಕೇಳಿಯೇ ಅವಳಿಗೆ ಅರ್ಧ ನೋವು ಇಳಿದಂತಾಯಿತು.

ವಾರಕ್ಕೆ ಮೂರು ದಿನ ಬಸ್ ಹತ್ತಿ ಬರತೊಡಗಿದಳು. ಅವನು ಮೊಣಕೈಗೆ ತಣ್ಣನೆ ಜೆಲ್ಲಿ ಸವರಿ ಅಲ್ಟ್ರಾಸೌಂಡ್ ಯಂತ್ರ ಆಡಿಸುತ್ತಿದ್ದ. ನೋವಿರುವ ಜಾಗವನ್ನು ಬೆರಳಿಂದ ಉಜ್ಜುತ್ತಿದ್ದ. ಆಮೇಲೆ ಅವಳು ಮುಂಗೈಯನ್ನು ಮೇಜಿನ ಮೇಲಿಟ್ಟು, ಹಸ್ತವನ್ನು ಅಂಚಿನಾಚೆ ಚಾಚಿ, ಸಣ್ಣ ತೂಕ ಹಿಡಿದು ಮೆಲ್ಲಗೆ ಕೆಳಗಿಳಿಸಬೇಕಿತ್ತು.

“ನಿಧಾನ... ಅಷ್ಟು ಆತುರ ಯಾಕೆ?”

“ದಸರಾ ಹತ್ರ ಬಂತು ಸಾರ್. ರವಿಕೆಗಳು ರಾಶಿ ಬಿದ್ದಿವೆ!”

ಒಂದು ಭಾನುವಾರ ಅವನು ಅಂಗಡಿಗೇ ಬಂದುಬಿಟ್ಟ! ಅವಳು ಕತ್ತರಿ ಹಿಡಿಯುವ ರೀತಿ ನೋಡಿದ. ಮೇಜು ತೀರಾ ತಗ್ಗು ಅಂತ ಅದರ ಕಾಲುಗಳ ಕೆಳಗೆ ತಾನೇ ಇಟ್ಟಿಗೆ ಇಟ್ಟ. ಅಂಗಿ ತುಂಬಾ ಕೆಂಪು ಧೂಳು. ಅಮ್ಮ ಕೊಟ್ಟ ಕಾಫಿ ಕುಡಿಯುತ್ತಾ ಅವನು ನಕ್ಕಾಗ, ಇಂದ್ರಮ್ಮನ ಎದೆಯಲ್ಲಿ ಏನೋ ಮಿಡಿಯಿತು.

ಆದರೆ ಮರುವಾರ ಅವನು ತಲೆಯೆತ್ತಿಯೂ ನೋಡಲಿಲ್ಲ.

“ಇನ್ಮೇಲೆ ನಿಮ್ಮನ್ನ ಶಿವಕ್ಕ ಮೇಡಂ ನೋಡ್ತಾರೆ.”

“ಯಾಕೆ ಸಾರ್?”

“ಅವರು ನನಗಿಂತ ಅನುಭವಸ್ಥರು.”

ಅಷ್ಟೇ. ಎದ್ದು ಒಳಗೆ ಹೋದ.

‘ಈ ಕೈ ಇನ್ನು ಸರಿಹೋಗಲ್ಲ ಅಂತಾನಾ? ಇಲ್ಲ, ನಾನೇ ಸಲಿಗೆ ಜಾಸ್ತಿ ತಗೊಂಡೆನಾ?’

ಬಸ್ಸಿನಲ್ಲಿ ಸೆರಗಿಂದ ಕಣ್ಣೊರೆಸಿಕೊಳ್ಳುತ್ತಲೇ ಮನೆ ಸೇರಿದಳು. ಎರಡು ವಾರ ಕ್ಲಿನಿಕ್ಕಿನ ಕಡೆ ತಲೆ ಹಾಕಲಿಲ್ಲ. ವ್ಯಾಯಾಮ ಮಾತ್ರ ಹಟದಿಂದ ದಿನಾ ಮಾಡಿದಳು. ಕೊನೆಗೆ ಅಮ್ಮ ಬೈದು ಕಳಿಸಿದರು.

ಶಿವಕ್ಕ ಮೇಡಂ ಒಂದು ಕುರ್ಚಿ ತೋರಿಸಿದರು. “ಅಂಗೈ ಕೆಳಗೆ ಮಾಡಿ ಈ ಕುರ್ಚಿನ ಎತ್ತಮ್ಮ, ನೋವು ಬರುತ್ತಾ ನೋಡೋಣ.”

ಇಂದ್ರಮ್ಮ ಹಲ್ಲು ಕಚ್ಚಿ ಎತ್ತಿದಳು. ನೋವು... ಇಲ್ಲ! ಮತ್ತೆ ಎತ್ತಿದಳು. ಇಲ್ಲವೇ ಇಲ್ಲ!

“ಮೇಡಂ, ಹಾಗಾದ್ರೆ ಆಪರೇಷನ್...?”

“ಯಾವ ಆಪರೇಷನ್ನೂ ಇಲ್ಲ. ವ್ಯಾಯಾಮ ಮುಂದುವರಿಸು, ಸಾಕು.”

ಕುರ್ಚಿ ಕೆಳಗಿಟ್ಟು, ಅದರಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಎಷ್ಟೋ ದಿನದ ಭಾರ ಇಳಿದುಹೋಗಿತ್ತು.

“ಮತ್ತೆ... ಅವರು ನನ್ನನ್ನ ಯಾಕೆ ಬಿಟ್ರು ಮೇಡಂ?”

“ಅವನನ್ನೇ ಕೇಳು. ಬಾಗಿಲಾಚೆನೇ ನಿಂತಿದಾನೆ,” ಅಂದು ಶಿವಕ್ಕ ನಗುತ್ತಾ ಹೊರಟರು.

ಪಂಚಾಕ್ಷರಿ ಒಳಗೆ ಬಂದ. ಮುಖ ಬಾಡಿತ್ತು.

“ಎರಡು ವಾರ ಬರಲೇ ಇಲ್ಲ ನೀವು...”

“ನೀವು ತಾನೇ ಬೇಡ ಅಂದಿದ್ದು!”

“ಬೇಡ ಅನ್ನಲಿಲ್ಲ ಇಂದ್ರಮ್ಮ. ಚಿಕಿತ್ಸೆ ಕೊಡೋವಾಗ ಮನಸ್ಸು ಬೇರೆಲ್ಲೋ ಹೋಗ್ತಿತ್ತು. ಅಂಥ ಮನಸ್ಸಿಟ್ಕೊಂಡು ಪೇಶೆಂಟನ್ನ ಮುಟ್ಟೋದು ತಪ್ಪು. ಮೊದಲು ನಿಮಗೆ ವಾಸಿಯಾಗ್ಲಿ, ಆಮೇಲೆ ಕೇಳೋಣ ಅಂತ...”

“ಏನು ಕೇಳೋಕೆ?”

“ನನ್ನನ್ನ... ಮದುವೆ ಆಗ್ತೀರಾ?”

ಕಣ್ಣೀರಿನ ನಡುವೆಯೇ ಅವಳಿಗೆ ನಗು ಬಂತು.

“ನಮ್ಮಮ್ಮನ್ನ ಕೇಳಿ.”

“ಅವರು ಒಪ್ಪಿದ್ರೆ?”

“ನಾನು ಯಾವಾಗ್ಲೋ ಒಪ್ಪಿಯಾಯ್ತು.”

ಅವನು ದೀರ್ಘವಾಗಿ ಉಸಿರು ಬಿಟ್ಟ. “ನಾಳೆ ಮನೆಗೆ ಬರ್ಲಾ?”

“ನಾಳೆ ಯಾಕೆ? ನಡೀರಿ... ಬಸ್ ಬರೋ ಹೊತ್ತಾಯ್ತು.”